ಮೂರಡಿಯೊಳಗೆ ಕಾಣದ ಕ್ಯಾಮೆರಾ

ಸೊಲ್ಲಾಪುರ
8 ಫೆಬ್ರುವರಿ 1999

ವೈನಿ, ನಮಸ್ಕಾರ.

ಅಣ್ಣನ ಶ್ರಾದ್ಧ ಮುಗಿಸಿಕೊಂಡು ನಾವು ಬಂದು ಎರಡು ವಾರವಾಯಿತು. ಊರು ಮುಟ್ಟಿದ್ದಕ್ಕೆ ಒಂದು ಕಾರ್ಡನ್ನೂ ಬರೆಯಲಿಲ್ಲವೆಂದು ಸಿಟ್ಟಾಗಬೇಡಿ, ಕಚೇರಿಯಲ್ಲಿ ಮಾರ್ಚ್ ಕೊನೆಯ ಲೆಕ್ಕದ ಗದ್ದಲ ಈಗಲೇ ಶುರುವಾಗಿದೆ. ಪ್ರಾಜಕ್ತಾ ಆರಾಮಾಗಿದ್ದಾಳೆ. ಹನ್ನೆರಡನೆಯ ತರಗತಿಯ ಪರೀಕ್ಷೆ ಹತ್ತಿರ ಬಂತು. ಬೆಳಿಗ್ಗೆ ನನ್ನಾಕೆ ಶ್ರೀಲೇಖಾ ಎಬ್ಬಿಸುವ ಮೊದಲೇ ನಿಮ್ಮ ಮಗಳು ಎದ್ದು ಓದುತ್ತ ಕುಳಿತಿರುತ್ತಾಳೆ.

ಬರೆಯುತ್ತಿರುವ ಕಾರಣ ಬೇರೆ. ನನ್ನ ಗೆಳೆಯ ಅತುಲ, ಕಂಪ್ಯೂಟರ್ ಕ್ಲಾಸು ನಡೆಸುವವನು, ಕಳೆದ ವಾರ ಮುಂಬಯಿಯಿಂದ ಒಂದು ಕ್ಯಾಮೆರಾ ತಂದಿದ್ದಾನೆ. ನಾನು ಮೊದಲ ಸಲ ನೋಡಿದ್ದೂ ಆಗಲೇ. ಡಿಜಿಟಲ್ ಎನ್ನುತ್ತಾರೆ. ರೀಲಿಲ್ಲ ವೈನಿ! ಹಿಂದುಗಡೆ ಬೆಂಕಿಪೆಟ್ಟಿಗೆಯಷ್ಟು ಪರದೆ, ತೆಗೆದ ಚಿತ್ರ ಅಲ್ಲೇ ಕಾಣುತ್ತದೆ. ಬೇಡವಾದರೆ ಅಳಿಸಬಹುದು. ಚಿತ್ರಕ್ಕೆ ಮೂರೂವರೆ ಲಕ್ಷ ಚುಕ್ಕೆಗಳಂತೆ. ತೂಕ ಒಂದು ಸೋಪಿನಷ್ಟು. ಬಹಳ ದುಬಾರಿಯದೂ ಅಲ್ಲ, ಈ ಜಾತಿಯಲ್ಲೇ ಎಲ್ಲಕ್ಕಿಂತ ಅಗ್ಗದ್ದು. ಡಾರ್ಕ್‌ರೂಮ್ ಬೇಡ. ಡೆವಲಪರ್ ಬೇಡ, ಹೈಪೊ ಬೇಡ. ನೀರಿನಲ್ಲಿ ಕೈ ಅದ್ದುವ ಕೆಲಸವೇ ಇಲ್ಲ. ತಂತಿಯಿಂದ ಕಂಪ್ಯೂಟರಿಗೆ ಇಳಿಸಿದರೆ ಮುಗಿಯಿತು.

ಇಂಥವನ್ನು ಸಣ್ಣ ಊರುಗಳ ಸ್ಟುಡಿಯೋಗಳಿಗೆ ಒದಗಿಸಬೇಕೆಂದು ಅತುಲನ ಯೋಚನೆ. ಅದಕ್ಕೆ ಮೊದಲು ನಿಜವಾದ ಫೋಟೋಗ್ರಾಫರ್ ಒಬ್ಬರು ಪರೀಕ್ಷಿಸಿ ಗುಣದೋಷ ಹೇಳಬೇಕು. ಅಣ್ಣನ ಸ್ಟುಡಿಯೋವನ್ನು ಈಗ ನನ್ನ ಅತ್ತಿಗೆಯೇ ನಡೆಸುತ್ತಾರೆ ಎಂದು ನಾನು ನಿಮ್ಮ ಹೆಸರು ಹೇಳಿದೆ. ಪ್ರಾಜಕ್ತಾಳ ಒಂದು ಚಿತ್ರವನ್ನು ಅವನ ಪ್ರಿಂಟರಿನಲ್ಲಿ ತೆಗೆಸಿ ಇದರೊಂದಿಗೆ ಇಟ್ಟಿದ್ದೇನೆ. ನೋಡಿ, ರಾಸಾಯನಿಕದ ಒಂದು ಹನಿಯೂ ತಾಗದೆ ಬಂದ ಫೋಟೋ.

ನಿಮ್ಮ
ದಿಗಂಬರ


ಅಕ್ಕಲಕೋಟ
14 ಫೆಬ್ರುವರಿ 1999

ದಿಗಂಬರಾ,

ನಿನ್ನ ಪತ್ರ ಬಂತು. ಎರಡು ಸಲ ಓದಿದೆ. ಡಾರ್ಕ್‌ರೂಮ್ ಬೇಡ ಎಂಬುದನ್ನು ನೀನು ಬೇರೆ ಬೇರೆ ಮಾತಿನಲ್ಲಿ ನಾಲ್ಕು ಕಡೆ ಬರೆದಿದ್ದೀಯ. ಯಾರಿಗೆ ಬೇಡ? ನಾನು ಹೇಳಿದ್ದೆನೇನು?

ಮೊದಲು ಫೋಟೋದ ವಿಷಯ. ಮಗಳ ಮುಖ ಕಂಡು ಸಂತೋಷವಾಯಿತು, ಆದರೆ ಅದನ್ನು ಫೋಟೋ ಎನ್ನಲಾರೆ. ಭೂತಗನ್ನಡಿ ಹಿಡಿದು ನೋಡಿದೆ. ಹೆರಳಿನ ಅಂಚು ಗರಗಸದ ಹಲ್ಲಿನಂತಿದೆ. ಹಣೆಯ ಮೇಲೆ ಬೆಳಕು ಬಿದ್ದ ಕಡೆ ಏನೂ ಇಲ್ಲ, ಬರೀ ಬಿಳಿ ಕಾಗದ. ಒದ್ದೆ ಬಟ್ಟೆಯಿಂದ ಮೂಲೆ ಒರೆಸಿದೆ, ಆಕಾಶದ ಬಣ್ಣ ಹರಿದು ಅವಳ ಭುಜದ ಮೇಲೆ ಬಂತು. ಅರ್ಜಿಗೆ ಅಂಟಿಸಿದ ಇಂಥ ಫೋಟೋ ಒಂದು ಮಳೆಗೆ ಉಳಿಯುವುದಿಲ್ಲ. ನಿನ್ನ ಅಣ್ಣ ತೊಳೆದ ಫೋಟೋಗಳು ಕರಜಗಿ, ಹನ್ನೂರಿನ ಮನೆಗಳ ಗೋಡೆಯ ಮೇಲೆ ಇಪ್ಪತ್ತು ವರ್ಷದಿಂದ ಇವೆ.

ಇನ್ನೊಂದು ಮಾತು. ದೀಪಾವಳಿಗೆ ಬಂದಾಗ ನೀನು ಡಾರ್ಕ್‌ರೂಮಿನ ಅಗಲ ಎಷ್ಟೆಂದು ಕೇಳಿದ್ದೆ. ಈಗ ಈ ಕ್ಯಾಮೆರಾ. ಅಂಗಡಿ ಇನ್ನೂ ಮಾವನವರ ಹೆಸರಿನಲ್ಲಿದೆ, ಅದರಲ್ಲಿ ನಿನ್ನ ಪಾಲೂ ಇದೆ ಎಂಬುದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಬಸ್‌ಸ್ಟ್ಯಾಂಡಿಗೆ ಹತ್ತಿರದ ಜಾಗ, ಕಣ್ಣು ಹಾಕುವವರು ಬಹಳ ಜನ. ನಿನ್ನ ಮನಸ್ಸಿನಲ್ಲಿ ಏನಾದರೂ ಇದ್ದರೆ ಎದುರಿಗೆ ಕುಳಿತು ಹೇಳು.

ಕ್ಯಾಮೆರಾ ಕಳಿಸು, ನೋಡುತ್ತೇನೆ. ಯಾರೋ ಕೊಂಡು ಮೋಸ ಹೋಗುವುದಕ್ಕಿಂತ ನಾನು ನೋಡಿ ಹೇಳುವುದು ಒಳ್ಳೆಯದು.

ಪ್ರಾಜಕ್ತಾಳಿಗೆ ಕಣ್ಣಿಗೆ ಕತ್ತಲಾಗುವಷ್ಟು ಓದಬೇಡವೆಂದು ಹೇಳು.

ಗೋಪಿಕಾ ವೈನಿ


ಸೊಲ್ಲಾಪುರ
19 ಫೆಬ್ರುವರಿ 1999

ವೈನಿ, ನಮಸ್ಕಾರ.

ಅಂಗಡಿಯ ಮೇಲೆ ನನಗೆ ಯಾವ ಕಣ್ಣೂ ಇಲ್ಲ. ಇಷ್ಟೇ ಬರೆಯುತ್ತೇನೆ, ಹೆಚ್ಚು ಬರೆದರೆ ಅದಕ್ಕೂ ನೀವು ಅರ್ಥ ಹುಡುಕುತ್ತೀರಿ.

ಪರಿಚಯದ ಎಸ್‌ಟಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕ್ಯಾಮೆರಾ ಕಳಿಸಿದ್ದೇನೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಬೇಕು. ಮೇಲಿನ ಗುಂಡಿ ಒತ್ತಿದರೆ ಚಿತ್ರ, ಪಕ್ಕದ ಕೀಲಿ ಸರಿಸಿದರೆ ತೆಗೆದ ಚಿತ್ರಗಳನ್ನು ನೋಡಬಹುದು. ಒಳಗೆ ಈಗ ಏನೂ ಇಲ್ಲ, ಖಾಲಿ ಮಾಡಿ ಕಳಿಸಿದ್ದೇನೆ.

ಮನೆಯೊಳಗೂ ಚಿತ್ರ ತೆಗೆದು ನೋಡಿ, ಹೊರಗೂ. ನೀವು ಒಪ್ಪಿದರೆ ಅತುಲ ತನ್ನ ಹಳೆಯ ಕಂಪ್ಯೂಟರ್ ಒಂದನ್ನು ನಿಮ್ಮಲ್ಲಿ ತಂದಿಡಲು ತಯಾರಿದ್ದಾನೆ. ಜಾಗದ ಅಗಲ ಕೇಳಿದ್ದು ಅದಕ್ಕೇ.

ದಿಗಂಬರ


ಅಕ್ಕಲಕೋಟ
2 ಮಾರ್ಚ್ 1999

ದಿಗಂಬರ ಅವರಿಗೆ,

ಕ್ಯಾಮೆರಾವನ್ನು ಒಂದು ವಾರ ಬಳಸಿದೆ. ನಿಮ್ಮ ಗೆಳೆಯರಿಗೆ ಬೇಕಾದ ಗುಣದೋಷ ಮೊದಲು ಬರೆಯುತ್ತೇನೆ, ಕೆಲಸ ಕೆಲಸವೇ.

ಮೈ ಪ್ಲಾಸ್ಟಿಕ್, ಹಿಡಿತ ಸಾಲದು, ಬೆವರಿದರೆ ಜಾರುತ್ತದೆ. ಮಸೂರ ಗುಂಡಿಯಷ್ಟು ಸಣ್ಣದು, ಒಂದೇ ಕಡೆ ನಿಲ್ಲಿಸಿದ ಫೋಕಸ್. ಎದುರಿಗಿರುವುದನ್ನು ಹತ್ತಿರ ತರುವ ಸೌಕರ್ಯವಿಲ್ಲ, ನಾವೇ ನಡೆದು ಹೋಗಬೇಕು. ಹೋದರೂ ಮೂರಡಿಯೊಳಗೆ ಬಂದದ್ದೆಲ್ಲ ಮಂಜು. ಗುಂಡಿ ಒತ್ತಿದ ಮೇಲೆ ಅದು ಯೋಚನೆ ಮಾಡಿ ಚಿತ್ರ ತೆಗೆಯುತ್ತದೆ, ಅಷ್ಟರಲ್ಲಿ ಮಗು ಮುಖ ತಿರುಗಿಸಿರುತ್ತದೆ. ಫ್ಲ್ಯಾಶ್ ಎಂಟಡಿಯಾಚೆ ಸತ್ತ ಹಾಗೆ. ಪರದೆ ಹೊತ್ತಿಸಿಟ್ಟರೆ ಸೆಲ್ಲುಗಳು ಒಂದು ಮಧ್ಯಾಹ್ನಕ್ಕೆ ಮುಗಿಯುತ್ತವೆ, ಬಿಸಿಲಿಗೆ ಹೋದರೆ ಪರದೆಯಲ್ಲಿ ಕಾಣುವುದು ನಮ್ಮದೇ ಮೂಗು. ಸ್ಟ್ಯಾಂಡಿಗೆ ಕೂರಿಸಲು ತಳದಲ್ಲಿ ತಿರುಪಿನ ತೂತಿಲ್ಲ. ಸೆಲ್ ತೆಗೆದರೆ ತಾರೀಖು ಹೋಗಿ ಎರಡು ವರ್ಷ ಹಿಂದಿನ ಜನವರಿ ಒಂದು ಬರುತ್ತದೆ. ಒಳ್ಳೆಯದು ಒಂದಿದೆ: ಮೋಡ ಮುಚ್ಚಿದ ಬೆಳಕಿನಲ್ಲಿ ಹೊರಗೆ ನಿಲ್ಲಿಸಿ ತೆಗೆದರೆ ಚರ್ಮದ ಬಣ್ಣ ಹುಸಿಯಾಗುವುದಿಲ್ಲ.

ಇಷ್ಟು ನಿಮ್ಮ ಗೆಳೆಯರಿಗೆ. ಇನ್ನು ನಿಮಗೆ.

ಕ್ಯಾಮೆರಾ ಖಾಲಿ ಇರಲಿಲ್ಲ. ಪಕ್ಕದ ಕೀಲಿ ಸರಿಸಿದೆ. ಮೊದಲು ನನ್ನ ಅಂಗಡಿಯ ಮುಂಭಾಗ. ಆಮೇಲೆ ಡಾರ್ಕ್‌ರೂಮಿನ ಬಾಗಿಲು. ಆಮೇಲೆ ಒಳಗಿನ ಟ್ರೇಗಳು, ಬಾಟಲಿಗಳು. ಕೊನೆಯಲ್ಲಿ ನೀವು ಕಳಿಸಿದ್ದ ಪ್ರಾಜಕ್ತಾಳ ಚಿತ್ರ. ಚಿತ್ರಗಳ ತಾರೀಖು ಸುಳ್ಳು, ಆದರೆ ಬಾಗಿಲ ಮೇಲಿರುವ ನಿಮ್ಮ ಅಣ್ಣನ ಫೋಟೋಕ್ಕೆ ಹೊಸ ಚೆಂಡುಹೂವಿನ ಹಾರವಿದೆ. ಆ ಹಾರ ನಾನು ಶ್ರಾದ್ಧದ ದಿನ ಹಾಕಿದ್ದು. ಅಂದರೆ ಆ ದಿನವೇ ಇದು ನಿಮ್ಮ ಕೈಯಲ್ಲಿತ್ತು. ಆಮೇಲೆ ಪತ್ರದಲ್ಲಿ ಕಳೆದ ವಾರ ಮೊದಲ ಸಲ ನೋಡಿದೆ ಎಂದು ಬರೆದಿರಿ. ನೀವು ಎದೆಯ ಹತ್ತಿರ ಏನೋ ಡಬ್ಬಿ ಹಿಡಿದು ಓಡಾಡುತ್ತಿದ್ದದ್ದು ನೆನಪಿದೆ. ರೇಡಿಯೋ ಇರಬೇಕು, ಕ್ರಿಕೆಟ್ ಕೇಳುತ್ತಿದ್ದಾರೆ ಎಂದುಕೊಂಡೆ. ಕಣ್ಣಿಗೆ ಹಿಡಿಯದೆಯೂ ಫೋಟೋ ತೆಗೆಯಬಹುದೆಂದು ನನಗೇನು ಗೊತ್ತು? ಸದ್ದೂ ಇಲ್ಲ, ರೀಲು ತಿರುಗುವುದೂ ಇಲ್ಲ. ಕಳ್ಳರಿಗೆ ಇದು ಬಹಳ ಅನುಕೂಲದ ಕ್ಯಾಮೆರಾ.

ಇನ್ನೂ ಒಂದು ಚಿತ್ರವಿದೆ. ಅದರ ಬಗ್ಗೆ ನಾನು ಬರೆಯುವುದಿಲ್ಲ. ನೀವೇ ಬರೆಯಿರಿ.

ಇವನ್ನೆಲ್ಲ ಯಾರಿಗೆ ತೋರಿಸಿದಿರಿ? ಪ್ರಾಜಕ್ತಾಳನ್ನು ನನ್ನ ಹತ್ತಿರ ಕಳಿಸಿಬಿಡಿ. ಪರೀಕ್ಷೆ ಇಲ್ಲಿಂದಲೇ ಹೋಗಿ ಬರೆಯುತ್ತಾಳೆ.

ಗೋಪಿಕಾ


ಸೊಲ್ಲಾಪುರ
6 ಮಾರ್ಚ್ 1999

ವೈನಿ,

ನೀವು ಈ ಮನೆಗೆ ಸೊಸೆಯಾಗಿ ಬಂದಾಗ ನಾನು ಚಡ್ಡಿ ಹಾಕಿಕೊಂಡು ಸಾಲೆಗೆ ಹೋಗುತ್ತಿದ್ದೆ. ಇಷ್ಟು ವರ್ಷದಲ್ಲಿ ನೀವು ನನಗೆ 'ನೀವು' ಎಂದದ್ದಿಲ್ಲ. ಪತ್ರ ಓದಿ ಊಟ ಸೇರಲಿಲ್ಲ.

ಕ್ಯಾಮೆರಾ ಆ ದಿನ ನನ್ನ ಹತ್ತಿರ ಇದ್ದದ್ದು ನಿಜ. ಹೇಳದೆ ಇದ್ದದ್ದು ತಪ್ಪು. ಶ್ರಾದ್ಧದ ದಿನ ಆಟದ ಸಾಮಾನು ತಂದಿದ್ದಾನೆ ಎಂದು ನೀವು ಬೈಯುತ್ತೀರೆಂದು ಮುಚ್ಚಿಟ್ಟೆ. ಅಂಗಡಿಯ ಮುಂಭಾಗ ಗುಂಡಿ ಯಾವುದೆಂದು ನೋಡಲು ತೆಗೆದದ್ದು. ಡಾರ್ಕ್‌ರೂಮು, ಕತ್ತಲಲ್ಲಿ ಹೇಗೆ ಬರುತ್ತದೆಂದು. ಅತುಲನ ಕಂಪ್ಯೂಟರಿಗೆ ಇಳಿಸಿದ ಮೇಲೆ ಕ್ಯಾಮೆರಾ ತಾನಾಗಿ ಖಾಲಿಯಾಗುತ್ತದೆ ಎಂದುಕೊಂಡಿದ್ದೆ. ಇಳಿಸಿದರೆ ಸಾಲದು, ಬೇರೆಯಾಗಿ ಅಳಿಸಬೇಕಂತೆ. ಉಳಿದ ಆ ಒಂದು ಚಿತ್ರವೂ ಹಾಗೇ ಬಂದದ್ದು, ಅದರಲ್ಲಿ ವಿಶೇಷವಿಲ್ಲ.

ಪ್ರಾಜಕ್ತಾಳನ್ನು ಈಗ ಕಳಿಸಲಾರೆ. ದಿನಬಿಟ್ಟು ದಿನ ಪೇಪರು ಇದೆ. ನಿಮ್ಮ ಪತ್ರದ ಕೊನೆಯ ಸಾಲನ್ನು ಅವಳಿಗೆ ಓದಿ ಹೇಳಿದೆ, ಅವಳಿಗೆ ಕನ್ನಡ ಓದಲು ತಡವರಿಕೆ ಎಂದು ನಿಮಗೆ ಗೊತ್ತು. ಸಂತೋಷಪಡುತ್ತಾಳೆ ಎಂದುಕೊಂಡೆ. ಅವಳು, "ಖರೇನ ಕರದಾಳೇನ ಕಾಕಾ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ, "ಎರಡು ವರ್ಷ ಆತು, ಸೂಟಿಗಿ ಹೋದ್ರೂ ನಾಕ ದಿನಕ್ಕ ತಿರುಗಿ ಕಳಸ್ತಾಳ. ನನ್ನ ಯಾಕ ದೂರ ಇಟ್ಟಾಳ ಅವ್ವ?" ಎಂದಳು. ಓದಿಗಾಗಿ ಎಂದು ಹೇಳಿದೆ. ಹೌದಲ್ಲವೇ?

ದಿಗಂಬರ


ಅಕ್ಕಲಕೋಟ
11 ಮಾರ್ಚ್ 1999

ದಿಗಂಬರ ಅವರಿಗೆ,

ಅದರಲ್ಲಿ ವಿಶೇಷವಿಲ್ಲ ಎಂದು ಬರೆದಿರಿ. ಹಾಗಾದರೆ ನಾನೇ ಬರೆಯುತ್ತೇನೆ. ಅದು ನನ್ನ ಕೈಗಳ ಚಿತ್ರ. ಮುಖವಿಲ್ಲ, ಸೀರೆಯಿಲ್ಲ. ಡಾರ್ಕ್‌ರೂಮಿನ ತೊಟ್ಟಿಯ ಅಂಚಿಗೆ ಇಟ್ಟ ಎರಡು ಕೈ, ಬೆರಳಿನಿಂದ ಮಣಿಕಟ್ಟಿನವರೆಗೆ. ನಾನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ತಿರುಗುವುದನ್ನು ನೀವು ಕದ್ದು ತೆಗೆದಿರಿ. ಅದು ಈಗ ಪರ ಗಂಡಸೊಬ್ಬನ ಕಂಪ್ಯೂಟರಿನಲ್ಲಿದೆ.

ಊರಿನಲ್ಲಿ ಏನು ಮಾತಿದೆ ಎಂಬುದು ನಿಮ್ಮ ಕಿವಿಗೆ ಬಿದ್ದಿರಬೇಕು. ಇಲ್ಲದಿದ್ದರೆ ಯಾಕೆ ತೆಗೆಯುತ್ತಿದ್ದಿರಿ? ಪಕ್ಕದ ಮನೆಯ ದ್ರೌಪದಿ ಹದಿನೈದು ವರ್ಷದಿಂದ ನನ್ನೊಂದಿಗೆ ಒಂದೇ ತಾಟಿನಲ್ಲಿ ಉಂಡವಳು. ಈ ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಹೋದೆ. ಕೈ ಚಾಚಲಿಲ್ಲ. "ಅಲ್ಲೇ ಕಟ್ಟಿ ಮ್ಯಾಲ ಇಡ್ರಿ ಅಕ್ಕಾ, ಆಮ್ಯಾಲ ತಗೋತೀನಿ," ಎಂದಳು. ಇಟ್ಟು ಬಂದೆ. ಸಂಜೆ ಅದು ಕಟ್ಟೆಯ ಮೇಲೇ ಇತ್ತು, ಇರುವೆ ಮುತ್ತಿತ್ತು.

ಕುಷ್ಠ ಎನ್ನುತ್ತಾರೆ. ಬಾಯಿಬಿಟ್ಟು ಯಾರೂ ಅನ್ನುವುದಿಲ್ಲ, ದೊಡ್ಡ ರೋಗ ಎನ್ನುತ್ತಾರೆ. ಫೋಟೋ ತೆಗೆಸಿಕೊಳ್ಳಲು ಬರುವವರು ಕಡಿಮೆಯಾಗಿದ್ದಾರೆ. ಇಂಥ ಹೊತ್ತಿಗೆ ನನ್ನ ಕೈಯ ಚಿತ್ರ ಯಾರ ಉಪಯೋಗಕ್ಕೆ? ಈ ಹೆಂಗಸು ಅಂಗಡಿ ನಡೆಸಲು ತಕ್ಕವಳಲ್ಲ ಎಂದು ನಾಲ್ಕು ಜನರ ಮುಂದೆ ತೋರಿಸಲು ಅಷ್ಟು ಸಾಕು. ಮಗಳಿಗೆ ಒಂದು ಸಂಬಂಧವೂ ಬರದಂತೆ ಮಾಡಲು ಅಷ್ಟು ಸಾಕು. ನೆಗೆಟಿವ್ ಆಗಿದ್ದರೆ ಇಸಿದುಕೊಂಡು ಸುಡುತ್ತಿದ್ದೆ. ಇದನ್ನು ಎಲ್ಲಿ ಹುಡುಕಲಿ, ಹೇಗೆ ಸುಡಲಿ?

ನಿಮ್ಮ ಕ್ಯಾಮೆರಾ ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಯಾರನ್ನೂ ಕಳಿಸಬೇಡಿ. ನೀವೂ ಬರಬೇಡಿ.

ಗೋಪಿಕಾ


ಸೊಲ್ಲಾಪುರ
4 ಏಪ್ರಿಲ್ 1999

ವೈನಿ,

ಇದನ್ನು ಓದದೆ ಹರಿಯಬೇಡಿ. ಮೂರು ವಾರ ಸುಮ್ಮನಿದ್ದದ್ದು ಸಿಟ್ಟಿನಿಂದಲ್ಲ. ಬರೆಯುವ ಮೊದಲು ಒಬ್ಬರನ್ನು ಇನ್ನೊಂದು ಸಲ ಕಾಣಬೇಕಿತ್ತು, ಅವರು ಊರಲ್ಲಿರಲಿಲ್ಲ.

ನಿಮ್ಮ ಕೈ ಹಾಗಾಗಿರುವುದನ್ನು ನಾನು ದೀಪಾವಳಿಗೇ ನೋಡಿದ್ದೆ. ಶ್ರೀಲೇಖಾ ಕೇಳಿದಾಗ ನೀವು, "ಸೋಡಾ ಹಾಕಿ ಅರಬಿ ಒಗದೀನಿ, ಅದಕ್ಕ ಸೀಳ್ಯಾವ. ನಿನಗ್ಯಾಕ ಬೇಕ ಚೌಕಶಿ?" ಎಂದು ರೇಗಿದಿರಿ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಶ್ರಾದ್ಧದ ದಿನ ನೀವು ಬಾಗಿಲ ಚೌಕಟ್ಟಿಗೆ ಬೆರಳು ಉಜ್ಜುತ್ತ ನಿಂತಿದ್ದಿರಿ, ತುರಿಕೆ ತಾಳಲಾರದೆ. ಅದಕ್ಕೆಂದೇ ನಾನು ಅತುಲನಿಂದ ಕ್ಯಾಮೆರಾ ಇಸಿದುಕೊಂಡು ಬಂದಿದ್ದೆ. ನೀವು ಡಾಕ್ಟರ ಹತ್ತಿರ ಬರುವುದಿಲ್ಲ, ಚಿತ್ರವನ್ನಾದರೂ ಒಯ್ದು ತೋರಿಸೋಣ ಎಂದು. ಬಾಟಲಿಗಳ ಚಿತ್ರ ತೆಗೆದದ್ದೂ ಅವರಿಗೆ ತೋರಿಸಲಿಕ್ಕೆ.

ಇಲ್ಲಿ ಚರ್ಮರೋಗದ ಲೇಡಿ ಡಾಕ್ಟರ್ ಒಬ್ಬರಿದ್ದಾರೆ, ಡಾಕ್ಟರ್ ಬಾಯಿ ಎಂದೇ ಕರೆಯುತ್ತಾರೆ. ಫೆಬ್ರುವರಿಯಲ್ಲಿ ಅತುಲನ ಪ್ರಿಂಟರಿನಲ್ಲಿ ತೆಗೆಸಿ ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಈ ಫೋಟೋದಾಗ ಏನ್ ಕಾಣ್ತದ್ರಿ? ಬೆರಳ ಎಷ್ಟ ಅದಾವ ಅಂತ ಎಣಸಬಹುದು, ಅಷ್ಟ. ಮನಷ್ಯಾರನ್ನ ಕರಕೊಂಡ ಬರ್ರಿ," ಎಂದರು. ನೀವು ಬರೆದಿರಲ್ಲ, ಮೂರಡಿಯೊಳಗೆ ಮಂಜು ಎಂದು. ನಾನು ಕದ್ದು ತೆಗೆದದ್ದು ಅದೇ ಮಂಜನ್ನು.

ನಿಮ್ಮನ್ನು ಕರೆದುಕೊಂಡು ಹೋಗುವ ಧೈರ್ಯ ನನಗೆ ಬರಲಿಲ್ಲ. ಆ ರಾಸಾಯನಿಕವಾದರೂ ನಿಮ್ಮ ಕೈಯಿಂದ ತಪ್ಪಲಿ ಎಂದು ಕ್ಯಾಮೆರಾದ ಗುಣಗಾನ ಮಾಡಿದೆ. ತೊಟ್ಟಿ ತೆಗೆಸಿ ಕಂಪ್ಯೂಟರ್ ಇಡಿಸಬೇಕೆಂದು ನನ್ನ ಮನಸ್ಸಿನಲ್ಲಿ ಇದ್ದದ್ದು ನಿಜ. ಅಷ್ಟರ ಮಟ್ಟಿಗೆ ನಿಮ್ಮ ಸಂಶಯ ಸರಿ.

ಕುಷ್ಠದ ಮಾತು ಮಾತ್ರ ನನ್ನ ಕಿವಿಗೆ ಬಿದ್ದಿರಲಿಲ್ಲ ವೈನಿ. ನಿಮ್ಮ ಪತ್ರದಲ್ಲೇ ಮೊದಲು ಓದಿದೆ. ಓದಿದ ಮೇಲೆ ಅದೇ ಡಾಕ್ಟರನ್ನು ಕಂಡು ಸ್ಪಷ್ಟವಾಗಿ ಕೇಳಿದೆ. ಅವರು ಕೇಳಿದ್ದು ಒಂದೇ: "ಅವ್ರಿಗಿ ಖಾಜ ಬರ್ತದೇನು? ತುರಸ್ತದ, ಉರೀತದ?" ಹೌದೆಂದೆ. "ಹಂಗಾರ ಚರ್ಮ ಜೀವಂತ ಅದ. ನೀವು ಅಂಜೂ ರೋಗದಾಗ ಸ್ಪರ್ಶನೇ ಹೋಗಿರ್ತದ, ಮುಟ್ಟಿದ್ದ ತಿಳಿಯಂಗಿಲ್ಲ. ನೋಡದ ನಾ ಏನೂ ಹೇಳಂಗಿಲ್ಲ. ಆದ್ರ ಅದ ಇದ್ದರೂ ಏನಾತು? ಅದಕ್ಕ ಗುಳಗಿ ಅದಾವ, ಪೂರಾ ವಾಸಿ ಆಗ್ತದ. ಕರಕೊಂಡ ಬರ್ರಿ ಅಂತ ಎಷ್ಟ ಸಲ ಹೇಳಲಿ?"

ಅತುಲ ತನ್ನ ಕಂಪ್ಯೂಟರಿನಿಂದ ಆ ಚಿತ್ರಗಳನ್ನು ನನ್ನ ಕಣ್ಣೆದುರಿಗೆ ಅಳಿಸಿದ್ದಾನೆ. ಯಾರ ಕೈಯೆಂದು ಅವನಿಗೆ ನಾನು ಹೇಳಿಲ್ಲ, ಅವನೂ ಕೇಳಿಲ್ಲ.

ದಿಗಂಬರ


ಅಕ್ಕಲಕೋಟ
9 ಏಪ್ರಿಲ್ 1999

ದಿಗಂಬರಾ,

ನಿನ್ನ ಪತ್ರ ನಂಬಬೇಕೋ ಬೇಡವೋ ತಿಳಿಯಲಿಲ್ಲ. ಒಂದು ಸಲ ಸುಳ್ಳು ಬರೆದವನು ಈಗ ನನ್ನ ಸಮಾಧಾನಕ್ಕೆ ಇನ್ನೊಂದು ಬರೆದಿರಬಹುದು. ಮಂಜಾದ ಚಿತ್ರ ನೋಡಿ, ಮೈದುನ ಹೇಳಿದ್ದು ಕೇಳಿ, ಯಾವ ಡಾಕ್ಟರಾದರೂ ಏನು ಹೇಳಿಯಾರು? ಆದರೂ ತುರಿಕೆಯ ಮಾತು ಬಿಟ್ಟೂಬಿಡದೆ ತಲೆಯಲ್ಲಿ ಕುಳಿತಿದೆ.

ಪ್ರಾಜಕ್ತಾಳನ್ನು ಓದಿಗಾಗಿ ಕಳಿಸಿದೆನೇ ಎಂದು ನೀನು ಕೇಳಿದ್ದೆ. ಅಲ್ಲ. ಇಲ್ಲಿಯೂ ಕಾಲೇಜು ಇತ್ತು.

ಮೂರು ವರ್ಷದ ಹಿಂದೆ ಬೆರಳ ಸಂದಿಯಲ್ಲಿ ಮೊದಲ ಬಿರುಕು ಬಂತು. ನಿನ್ನ ಅಣ್ಣ ಹೋದ ಮೇಲೆ ತೊಳೆಯುವ ಕೆಲಸವೆಲ್ಲ ನನ್ನ ಮೇಲೇ ಬಿದ್ದಿತ್ತು. ಮುಲಾಮು ಹಚ್ಚಿದೆ, ಬೇವಿನೆಲೆ ಅರೆದು ಹಚ್ಚಿದೆ. ಕಡಿಮೆಯಾಗಿ ಮತ್ತೆ ಬರುತ್ತಿತ್ತು. ಚರ್ಮ ದಪ್ಪಗಾಯಿತು, ಕಪ್ಪಾಯಿತು. ನಾನು ಚಿಕ್ಕವಳಿದ್ದಾಗ ನನ್ನ ತವರೂರಾದ ಮಂದ್ರೂಪದಲ್ಲಿ ಚಂದ್ರಭಾಗಾ ಎಂಬ ಹೆಂಗಸೊಬ್ಬಳಿದ್ದಳು. ಅವಳಿಗೂ ಕೈಯಿಂದಲೇ ಶುರುವಾಗಿತ್ತು ಎನ್ನುತ್ತಿದ್ದರು. ಕೊನೆಗೆ ಅವಳ ಮಕ್ಕಳು ಊರ ಹೊರಗೆ ಗುಡಿಸಲು ಹಾಕಿ ಕೊಟ್ಟರು, ಊಟ ದೂರದಿಂದ ಸರಿಸುತ್ತಿದ್ದರು. ಅದು ಕಣ್ಣ ಮುಂದೆ ಬಂತು. ಊರವರು ಅನ್ನುವುದಕ್ಕೆ ಬಹಳ ಮೊದಲೇ ಆ ಹೆಸರನ್ನು ನನಗೆ ನಾನೇ ಅಂದುಕೊಂಡಿದ್ದೆ. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಅವರು ಹೌದು ಅನ್ನುತ್ತಾರಲ್ಲ.

ಮಗಳು ನನ್ನ ತಾಟಿನಲ್ಲೇ ಕೈ ಹಾಕುತ್ತಿದ್ದಳು. ನನ್ನ ಹಾಸಿಗೆಯಲ್ಲೇ ಬಂದು ಬೀಳುತ್ತಿದ್ದಳು. ಕಾರಣ ಹೇಳದೆ ಎಷ್ಟು ದಿನ ತಪ್ಪಿಸಲಿ? ಅದಕ್ಕೇ ನಿನ್ನ ಮನೆಗೆ ಕಳಿಸಿದೆ. ರಜೆಗೆ ಬಂದಾಗ ಅಡುಗೆಗೆ ಬೇರೆ ಹೆಂಗಸನ್ನು ಕರೆಸುತ್ತಿದ್ದೆ. ಅವಳು ಅಪ್ಪಿಕೊಳ್ಳಲು ಬಂದರೆ ಕೈ ಮೇಲೆತ್ತಿ ನಿಲ್ಲುತ್ತಿದ್ದೆ. ಮಾರ್ಚಿನಲ್ಲಿ ಸಿಟ್ಟಿಗೆ ಅವಳನ್ನು ಕಳಿಸಿಬಿಡಿ ಎಂದು ಬರೆದೆ. ಟಪಾಲು ಹಾಕಿ ಬಂದ ಮೇಲೆ, ನಿಜವಾಗಿ ಕಳಿಸಿಬಿಟ್ಟರೆ ಏನು ಮಾಡಲಿ ಎಂದು ಅಂಜಿ ಕುಳಿತಿದ್ದೆ. ನೀನು ಕಳಿಸದೆ ಇದ್ದದ್ದು ಒಳ್ಳೆಯದಾಯಿತು.

ನಾನು ಬರುತ್ತೇನೆ. 26ರಂದು, ಸೋಮವಾರ. ಆದರೆ ಒಬ್ಬಳೇ. ಡಾಕ್ಟರ ಹೆಸರು, ಓಣಿ ಬರೆದು ಕಳಿಸು. ನಾನು ನಿನ್ನ ವೈನಿ ಎಂದು ಅವರಿಗೆ ತಿಳಿಸಬೇಡ. ನೀನು ಮೊದಲೇ ಹೇಳಿಕೊಟ್ಟದ್ದನ್ನು ಅವರು ಹೇಳುತ್ತಾರೋ, ತಾವು ಕಂಡದ್ದನ್ನು ಹೇಳುತ್ತಾರೋ ನೋಡಬೇಕು. ಅಲ್ಲಿಯವರೆಗೆ ಪ್ರಾಜಕ್ತಾಳಿಗೆ ಏನೂ ತಿಳಿಯಬಾರದು.

ಗೋಪಿಕಾ ವೈನಿ


ಸೊಲ್ಲಾಪುರ
27 ಏಪ್ರಿಲ್ 1999

ವೈನಿ,

ನಿನ್ನೆ ಸಂಜೆ ಶ್ರೀಲೇಖಾ ಎಸ್‌ಟಿ ಸ್ಟ್ಯಾಂಡಿಗೆ ಹೋಗಿದ್ದಳು. ಅಕ್ಕಲಕೋಟದ ಬಸ್ಸಿನ ಕಿಟಕಿಯಲ್ಲಿ ನೀವು ಕುಳಿತಿದ್ದಿರಂತೆ. ಕೈಬೀಸಿದಳು. ನೀವು ಅವಳನ್ನು ನೋಡಿ ಮುಖ ತಿರುಗಿಸಿಕೊಂಡಿರಂತೆ. ಮನೆಗೆ ಬಂದು ಅಳುತ್ತ ಕುಳಿತಳು. ಡಾಕ್ಟರು ಏನು ಹೇಳಿದರು? ಕೆಟ್ಟದ್ದನ್ನೇ ಹೇಳಿರಬೇಕೆಂದು ನಮಗೆಲ್ಲ ಅನಿಸಿತು. ನೀವು ಬೇಡವೆಂದದ್ದಕ್ಕೆ ನಾನು ಹೋಗಿ ಕೇಳಲಿಲ್ಲ.

ನಮ್ಮ ಮಾತು ಪ್ರಾಜಕ್ತಾಳ ಕಿವಿಗೆ ಬಿತ್ತು. ಬಾಗಿಲಲ್ಲಿ ನಿಂತು, "ಅವ್ವಗ ಏನಾಗೇದ?" ಎಂದಳು. ಇನ್ನು ಮುಚ್ಚಿಡಲು ನನಗೆ ಆಗಲಿಲ್ಲ. ನೀವು ನನಗೆ ಬರೆದದ್ದನ್ನೆಲ್ಲ ಹೇಳಿಬಿಟ್ಟೆ, ದೂರ ಇಟ್ಟ ಕಾರಣವನ್ನೂ. ನಿಮ್ಮ ಮಾತು ಮುರಿದೆ, ಬೈಯಿರಿ. ಅವಳು ಅಳಲಿಲ್ಲ. ಕಪಾಟಿನಿಂದ ಬಟ್ಟೆ ತೆಗೆದು ಚೀಲಕ್ಕೆ ತುಂಬತೊಡಗಿದಳು. "ಅವ್ವ ಬರಬ್ಯಾಡ ಅಂದಾಳ, ಪತ್ರ ಬರೂತನಕ ತಡಿ," ಎಂದು ಶ್ರೀಲೇಖಾ ಹೇಳಿದಳು. "ಅವಳು ಅಂತಾಳ ಕಾಕು. ನಾ ಎರಡು ವರ್ಷ ಕೇಳೀನಿ, ಇನ್ನ ಕೇಳಂಗಿಲ್ಲ," ಎಂದಳು.

ಈ ಪತ್ರವನ್ನು ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಅವಳನ್ನು ತಿರುಗಿ ಕಳಿಸಬೇಡಿ.

ದಿಗಂಬರ


ಅಕ್ಕಲಕೋಟ
16 ಮೇ 1999

ದಿಗಂಬರಾ, ಶ್ರೀಲೇಖಾ,

ಮೊದಲು ಶ್ರೀಲೇಖಾಳಿಗೆ. ಆ ದಿನ ನಿನ್ನನ್ನು ನೋಡಿ ಮುಖ ತಿರುಗಿಸಿದ್ದು ಸಿಟ್ಟಿನಿಂದಲ್ಲ. ಡಾಕ್ಟರು ಇನ್ನೂ ಏನೂ ಹೇಳಿರಲಿಲ್ಲ. ನೀನು ಬಸ್ಸು ಹತ್ತಿ ನನ್ನ ಕೈ ಹಿಡಿದುಕೊಂಡುಬಿಟ್ಟರೆ ಏನು ಮಾಡಲಿ ಎಂಬ ಅಂಜಿಕೆ. ಬೇಜಾರು ಮಾಡಿಕೊಳ್ಳಬೇಡ.

ದಿಗಂಬರಾ, ನಿನ್ನ ಡಾಕ್ಟರ್ ಬಾಯಿಯನ್ನು ನಾನು ಕ್ಯಾಮೆರಾಕ್ಕಿಂತ ಬಿಗಿಯಾಗಿ ಪರೀಕ್ಷಿಸಿದೆ. ಹೆಸರು ಇಂದುಬಾಯಿ ಎಂದು ಬರೆಸಿದೆ. ಫೋಟೋದ ಕೆಲಸವೆಂದು ಹೇಳಲೇ ಇಲ್ಲ. ಅವರು ಕಣ್ಣು ಮುಚ್ಚಿಸಿ ಕೈಗೆ ಅರಳೆ ಮುಟ್ಟಿಸಿದರು, ಸೂಜಿಯ ಮೊನೆ ತಾಗಿಸಿದರು. ಮುಟ್ಟಿದ್ದೆಲ್ಲ ತಿಳಿಯಿತು. ಆಮೇಲೆ ಬೆರಳುಗಳನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬರಿಗೈಯಿಂದ, ದಿಗಂಬರಾ. ಮೂರು ವರ್ಷದಲ್ಲಿ ಯಾರೂ ಹಾಗೆ ಹಿಡಿದಿರಲಿಲ್ಲ. "ಇಂದುಬಾಯಿ, ನೀವು ಏನ್ ಕೆಲಸ ಮಾಡ್ತೀರಿ? ಖರೇ ಹೇಳ್ರಿ," ಎಂದರು. ಆಗ ಚೀಲದಲ್ಲಿದ್ದ ಬಾಟಲಿ, ಪುಡಿಗಳನ್ನು ಮೇಜಿನ ಮೇಲೆ ಇಟ್ಟೆ. ಅವನ್ನು ತಂದಿದ್ದೆ, ತೋರಿಸಬೇಕೋ ಬೇಡವೋ ಎಂದು ಅಲ್ಲಿಯವರೆಗೂ ತೀರ್ಮಾನಿಸಿರಲಿಲ್ಲ.

ಪ್ರತಿಯೊಂದನ್ನೂ ನೀರಾಗಿಸಿ ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ಬನ್ನಿ ಎಂದು ಕಳಿಸಿದರು. ಮರುದಿನ ಸಂಜೆ ನಾನು ಪಟ್ಟಿ ಅಂಟಿಸಿಕೊಂಡ ಬೆನ್ನು ಗೋಡೆಗೆ ತಾಗಿಸದೆ ಕುಳಿತಿದ್ದೆ, ಪ್ರಾಜಕ್ತಾ ಬಾಗಿಲಿಗೆ ಬಂದಳು. "ಅಲ್ಲೇ ನಿಂದರು," ಎಂದೆ. ನಿಲ್ಲಲಿಲ್ಲ. ಚೀಲ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದಳು. ನಾನು ಬಿಡಿಸಿಕೊಳ್ಳಲು ನೋಡಿದೆ. ಹುಡುಗಿಗೆ ಬಹಳ ಶಕ್ತಿ. "ಕಾಕಾ ಎಲ್ಲಾ ಹೇಳ್ಯಾನ. ಇನ್ನ ಬಡಿದ್ರ ಬಡಿ, ಬೈದ್ರ ಬೈ, ನಾ ಹೋಗಂಗಿಲ್ಲ," ಎಂದಳು. ನೀನು ಮಾತು ಮುರಿದದ್ದಕ್ಕೆ ಬೈಯುವುದಿಲ್ಲ. ಮುರಿಯುವುದೇ ಸರಿಯಾಗಿತ್ತು.

ಪಟ್ಟಿ ತೆಗೆಸಲು ಅವಳೇ ನನ್ನ ಜೊತೆ ಬಂದಳು. ಒಂದು ಪಟ್ಟಿಯ ಕೆಳಗೆ ಮಾತ್ರ ಚರ್ಮ ಕೆಂಪಾಗಿ ಗುಳ್ಳೆ ಎದ್ದಿತ್ತು. ಡೆವಲಪರಿಗೆ ಹಾಕುವ ಮೆಟೋಲ್ ಎಂಬ ಪುಡಿ. ಕೆಲವರ ಮೈಗೆ ಅದು ಆಗಿಬರುವುದಿಲ್ಲವಂತೆ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಮೇಲೆ ಬೀಳುತ್ತದಂತೆ, ಈ ಕೆಲಸದವರಲ್ಲಿ ಬಹಳ ಜನರಿಗೆ ಹೀಗಾಗುತ್ತದಂತೆ. ಬೇರೆ ಏನೂ ಅಲ್ಲ. ಮುಟ್ಟಿದರೂ ಯಾರಿಗೂ ಹತ್ತುವುದಿಲ್ಲ. ಡಾಕ್ಟರು ಮೂರು ಸಲ ಹೇಳಿದರು, ನಾನು ನಾಲ್ಕನೆಯ ಸಲ ಕೇಳಿದೆ. "ಇಂದುಬಾಯಿ, ಕಾಗದದ ಮ್ಯಾಲ ಸಹಿ ಮಾಡಿ ಕೊಡಲೇನು?" ಎಂದು ನಕ್ಕರು. ಪ್ರಾಜಕ್ತಾ, "ಅವಳ ಹೆಸರ ಗೋಪಿಕಾ ಅದರಿ," ಎಂದುಬಿಟ್ಟಳು. ನನಗೆ ಕುಳಿತ ಜಾಗದಲ್ಲೇ ನಾಚಿಕೆಯಾಯಿತು.

ಈಗ ಕೈ ಮುಕ್ಕಾಲು ಪಾಲು ಸುಧಾರಿಸಿದೆ. ಹೊಸ ಚರ್ಮ ಬರುತ್ತಿದೆ, ತುರಿಕೆ ಇಲ್ಲವೇ ಇಲ್ಲ. ತೊಳೆಯುವ ಕೆಲಸ ಬಿಟ್ಟೆ. ಚಿತ್ರ ತೆಗೆಯುವುದನ್ನು ಬಿಟ್ಟಿಲ್ಲ. ರೀಲುಗಳನ್ನು ಸೊಲ್ಲಾಪುರಕ್ಕೆ ತೊಳೆಯಲು ಕಳಿಸುತ್ತೇನೆ. ಡಾರ್ಕ್‌ರೂಮಿನ ಗೋಡೆ ಒಡೆಸಿ ಕಿಟಕಿ ಇಡಿಸಿದೆ. ಗೌಂಡಿ ಮೊದಲ ಇಟ್ಟಿಗೆ ತೆಗೆದಾಗ ನಿನ್ನ ಅಣ್ಣ ನೆನಪಾಗಿ ಹೊರಗೆ ಬಂದು ನಿಂತೆ. ದ್ರೌಪದಿಗೆ ನಾನಾಗಿ ಏನೂ ಹೇಳಿಲ್ಲ. ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಅವಳ ಮನೆಯಲ್ಲಿ ಅವಳು, ನನ್ನ ಮನೆಯಲ್ಲಿ ನಾನು.

ಕ್ಯಾಮೆರಾ ಇದರೊಂದಿಗೆ ತಿರುಗಿ ಕಳಿಸಿದ್ದೇನೆ. ಅತುಲನಿಗೆ ಹೇಳು, ಈಗ ಇದನ್ನು ಯಾವ ಸ್ಟುಡಿಯೋಕ್ಕೂ ಕೊಡಬೇಡ. ಮಸೂರ ಸುಧಾರಿಸಲಿ, ಚುಕ್ಕೆಗಳು ಹೆಚ್ಚಲಿ, ಮುದ್ರಿಸಿದ್ದು ನೀರಿಗೆ ನಿಲ್ಲುವಂತಾಗಲಿ. ಆಗ ನಾನೇ ಒಂದು ಕೊಳ್ಳುತ್ತೇನೇನೋ. ಒಳಗಿದ್ದ ಚಿತ್ರಗಳನ್ನು ಒಂದೊಂದಾಗಿ ಅಳಿಸಿದ್ದೇನೆ. ಅವನ ಕಂಪ್ಯೂಟರಿನಲ್ಲಿ ಅಳಿಸಿದ್ದು ನಿಜಕ್ಕೂ ಅಳಿಯಿತೇ ಎಂದು ನನಗೆ ಈಗಲೂ ಅನುಮಾನ. ಇನ್ನೊಂದು ಸಲ ನೋಡು.

ನಿನ್ನೆ ಮಧ್ಯಾಹ್ನ ಪ್ರಾಜಕ್ತಾಳನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದೆ. ಡಾಕ್ಟರು ಎಲ್ಲ ಹೇಳಿದ ಮೇಲೂ ಎಣ್ಣೆಯ ಬಟ್ಟಲಿನಲ್ಲಿ ಬೆರಳು ಅದ್ದಿ ಎರಡು ಸಲ ಸೆರಗಿಗೆ ಒರೆಸಿಕೊಂಡೆ. ಅವಳು ತಿರುಗಿ ನೋಡಲೂ ಇಲ್ಲ, ಹೆರಳು ಬಿಚ್ಚಿ ತಲೆ ಬಾಗಿಸಿದಳು. ಕೊನೆಗೆ ನಾನು ಬೆರಳೂರಿ ಉಜ್ಜತೊಡಗಿದರೆ, "ಅವ್ವಾ, ಸಾವಕಾಶ ಹಚ್ಚ. ಕೂದಲಾ ಕೀಳ್ತೀಯೇನ?" ಎಂದು ಬೈದಳು.

ನಿಮ್ಮ
ಗೋಪಿಕಾ ವೈನಿ